ಆಗಸ್ಟಿನ ದಡ್ಡರು

ಪ್ರತಿ ಆಗಸ್ಟಿನಲ್ಲೂ ನಮ್ಮ ಟೀಮು ಮಣ್ಣು ಮುಕ್ಕುತ್ತದೆಂದು ಭವಿಷ್ಯ ನುಡಿಯುವುದು ಮಿಸ್ ಮೊಜೆಲ್ ಅವರ ಕೆಲಸ. ಪೋಸ್ಟಾಫೀಸಿನಿಂದ ನಿವೃತ್ತರಾದ ಮೇಲೆ ಅವರಿಗೆ ಬೇರೆ ಕೆಲಸವೂ ಇಲ್ಲ. ನನ್ನ ಹೋಟೆಲಿನ ಕಿಟಕಿ ಪಕ್ಕದ ಮೇಜಿಗೆ ಬಂದು ಕೂತು, ಗ್ರಿಟ್ಸ್ ಗಂಜಿಯ ಮೇಲೆ ಕೈತುಂಬ ಮೆಣಸಿನ ಪುಡಿ ಉದುರಿಸಿಕೊಂಡು, ಯಾವ ಶನಿವಾರ ನಮಗೆ ಏನು ಗ್ರಹಚಾರ ಕಾದಿದೆ ಎಂದು ಒಂದೊಂದಾಗಿ ಹೇಳುತ್ತಾರೆ. ನಾವು ನಗುತ್ತೇವೆ. ಹೇಳಿದ್ದರಲ್ಲಿ ಅರ್ಧ ನಿಜವಾಗುತ್ತದೆ, ಅರ್ಧ ಆಗುವುದಿಲ್ಲ, ಡಿಸೆಂಬರಿನ ಹೊತ್ತಿಗೆ ಯಾರಿಗೂ ಯಾವುದೂ ನೆನಪಿರುವುದಿಲ್ಲ. ಈ ವರ್ಷ ಅವರು ಗೋಡೆಗೆ ಅಂಟಿಸಿದ್ದ ಪಂದ್ಯಗಳ ಪಟ್ಟಿಯ ಮುಂದೆ ನಿಂತು, ಮೇಲಿನಿಂದ ಕೆಳಗಿನವರೆಗೆ ಓದಿ, ಕನ್ನಡಕ ಒರೆಸಿಕೊಂಡು, ಏನೂ ಹೇಳದೆ ಬಂದು ಕೂತರು.

ಪಟ್ಟಿಯೂ ಹಾಗೇ ಇತ್ತು ಅನ್ನಿ. ನಮ್ಮೂರು ಕೊಲ್ಬಿ ಬೆಂಡಿನ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಟೀಮಿಗೆ, ಅಂದರೆ ನಮ್ಮ ನೀಲಿ ಕೊಕ್ಕರೆಗಳಿಗೆ, ಇಂಥ ಪಟ್ಟಿಯನ್ನು ಯಾರೂ ಯಾವತ್ತೂ ಕೊಟ್ಟಿರಲಿಲ್ಲ. ಮೊದಲ ಪಂದ್ಯವೇ ಹೋದ ವರ್ಷದ ಚಾಂಪಿಯನ್ನರ ಊರಿನಲ್ಲಿ. ಆಮೇಲೆ ನದಿಯಾಚೆಯ ನಮ್ಮ ಬದ್ಧವೈರಿಗಳ ಮೈದಾನದಲ್ಲಿ. ಅಕ್ಟೋಬರ್ ಪೂರ್ತಿ ದೇಶದ ದೊಡ್ಡ ದೊಡ್ಡ ಟೀಮುಗಳೆಲ್ಲ ನಮ್ಮನ್ನು ತಿನ್ನಲು ಸಾಲುಗಟ್ಟಿ ನಿಂತಿದ್ದವು. ಚಾಂಪಿಯನ್ನರು ಯಾರೆಂದು ತೀರ್ಮಾನವಾಗುವ ಕೊನೆಯ ಸುತ್ತು ಪ್ಲೇಆಫು, ಅದರಲ್ಲಿ ಹನ್ನೆರಡೇ ಟೀಮಿಗೆ ಜಾಗ. ಎರಡು ಸೋತರೆ ಒಳಗೆ. ಮೂರು ಸೋತರೆ ಡಿಸೆಂಬರಿನಲ್ಲಿ ಹೆಸರು ಓದುವ ಆ ಭಾನುವಾರ ಟೀವಿ ಮುಂದೆ ಕೂತು ಆಯ್ಕೆ ಕಮಿಟಿಯವರ ಮುಖ ನೋಡಿಕೊಂಡು ದೇವರನ್ನು ಕರೆಯಬೇಕು. ನಾಲ್ಕು ಸೋತರೆ ಟೀವಿ ಹಾಕುವುದೇ ಬೇಡ. ನಮ್ಮೂರಿನಲ್ಲಿ ಈ ಲೆಕ್ಕ ಸಣ್ಣ ಮಕ್ಕಳಿಗೂ ಬರುತ್ತದೆ. ಕೊಕ್ಕರೆಗಳು ಇದುವರೆಗೆ ಪ್ಲೇಆಫಿನ ಬಾಗಿಲನ್ನು ಹೊರಗಿನಿಂದ ನೋಡಿದ್ದೇ ಹೊರತು ಹೊಸ್ತಿಲು ದಾಟಿದ್ದಿಲ್ಲ. ಹೋದ ವರ್ಷ ಕೂದಲೆಳೆಯಲ್ಲಿ ತಪ್ಪಿಹೋಗಿತ್ತು.

ಮಿಸ್ ಮೊಜೆಲ್ ಬಾಯಿ ಬಿಡದಿದ್ದರೆ ಬಿಡಲಿ ಎಂದು ಕೋಚ್ ಪೆಟಿಗ್ರೂ ಮಾತು ಶುರು ಮಾಡಿದರು. ಇರಾ ಪೆಟಿಗ್ರೂ ಈ ಊರಿನ ಚಿಕ್ಕ ಹುಡುಗರಿಗೆಲ್ಲ ಫುಟ್‌ಬಾಲ್ ಕಲಿಸಿದವರು. ಈಗ ಮೈದಾನ ಬಿಟ್ಟಿದ್ದಾರೆ, ಬಾಯಿ ಬಿಟ್ಟಿಲ್ಲ. ಚಾಂಪಿಯನ್ನರ ಟೀಮಿನಲ್ಲಿ ಒಬ್ಬ ಹುಡುಗ ಇದ್ದಾನಂತೆ, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರುವುದಿಲ್ಲವಂತೆ, ಹೋದ ವರ್ಷ ಅವನು ಕೆಡವಿದವರಲ್ಲಿ ಕೆಲವರು ಸ್ಟ್ರೆಚರಿನ ಮೇಲೇ ಹೊರಗೆ ಹೋದರಂತೆ. ಇದನ್ನು ಅವರು ಮಳೆ ಬರುತ್ತದಂತೆ ಎನ್ನುವ ಹಾಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಏನಾದ್ರೂ ಬರ್ಲಿ ಬಿಡಮ್ಮ ವರ್ಲೀನ್. ನಮ್ ಹತ್ರ ಡೆಲ್ ಇದಾನಲ್ಲ," ಎಂದರು. ಮೇಜುಗಳಲ್ಲಿ ಕೂತಿದ್ದವರೆಲ್ಲ ನನ್ನ ಮುಖ ನೋಡಿದರು.

ಡೆಲ್ ನನ್ನ ಮಗ. ಹೆಸರು ವೆಂಡೆಲ್, ಆ ಹೆಸರಿನಿಂದ ಅವನನ್ನು ಕರೆಯುವವರು ಪಾದ್ರಿಗಳು ಮಾತ್ರ. ಕೊಕ್ಕರೆಗಳ ಕ್ವಾರ್ಟರ್‌ಬ್ಯಾಕ್ ಅವನೇ. ಆ ಜಾಗ ಎಂಥದ್ದೆಂದು ಹೆತ್ತವಳನ್ನು ಕೇಳಿ. ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೆ ಬರಬೇಕು. ಯಾರಿಗೆ ಎಸೆಯಲಿ ಎಂದು ಅವನು ಕಣ್ಣಾಡಿಸುವಷ್ಟರಲ್ಲಿ ಎದುರಿನ ಟೀಮಿನ ಎಮ್ಮೆಯಂಥ ಹುಡುಗರೆಲ್ಲ ಅವನೊಬ್ಬನನ್ನೇ ನೆಲಕ್ಕೆ ಬಡಿಯಲು ನುಗ್ಗುತ್ತಾರೆ. ಎಸೆದ ಮೇಲೂ ಬಡಿಯುತ್ತಾರೆ. ನಾವು ಮೇಲೆ ಕೂತವರು ಎದ್ದು ಒಂಟಿ ಕಾಲಿನಲ್ಲಿ ನಿಲ್ಲುತ್ತೇವೆ. ಆಟ ಬಿಗಿಯಾದಾಗಲೆಲ್ಲ ಹಾಗೆ ನಿಲ್ಲುವುದು ಕೊಕ್ಕರೆಯವರ ಪದ್ಧತಿ. ಮುದುಕರು ಪಕ್ಕದವರ ಹೆಗಲು ಹಿಡಿದುಕೊಂಡು ನಿಲ್ಲುತ್ತಾರೆ. ಕಾಲು ಊರಿದರೆ ನಮ್ಮಿಂದಲೇ ಸೋತಿತು ಎಂದು ವರ್ಷವಿಡೀ ಬೈಸಿಕೊಳ್ಳಬೇಕು.

ಹೋದ ನವೆಂಬರಿನಲ್ಲಿ ನದಿಯಾಚೆಯವರ ಜೊತೆ ಆಡುವಾಗ ಡೆಲ್‌ಗೆ ಒಂದು ಏಟು ಬಿತ್ತು. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿದ ಸದ್ದು ಮೇಲಿನ ಮೆಟ್ಟಿಲಿಗೂ ಕೇಳಿಸಿತು. ಅವನು ಎದ್ದು, ತಲೆ ಕೊಡವಿ, ನೆಟ್ಟಗೆ ಎದುರು ಟೀಮಿನ ಬೆಂಚಿನ ಕಡೆ ನಡೆದ. ಜನ ಘೊಳ್ಳೆಂದು ನಕ್ಕರು. ಯಾರೋ ಕೈ ಹಿಡಿದು ಈಚೆ ತಂದರು. ಸ್ವಲ್ಪ ಹೊತ್ತಿಗೆ ತನಗೇನೂ ಆಗಿಲ್ಲ ಎಂದು ಹೇಳಿ ಅವನೇ ಮತ್ತೆ ಮೈದಾನದೊಳಗೆ ಹೋಗಿ, ಗೆಲ್ಲುವ ಚೆಂಡನ್ನೂ ಎಸೆದ. ಆ ಎಸೆತದ ಫೋಟೋ ನನ್ನ ಹೋಟೆಲಿನ ಗೋಡೆಯ ಮೇಲಿದೆ. ಪಂದ್ಯ ಮುಗಿದ ಸಂಜೆ ಯಾರು ಬಂದರೂ ಪೀಚ್ ಹಣ್ಣಿನ ಮೇಲೆ ಹಿಟ್ಟು ಹಾಕಿ ಬೇಯಿಸಿದ ಸಿಹಿ, ನಮ್ಮ ಕಾಬ್ಲರ್, ಪುಕ್ಕಟೆ ಕೊಟ್ಟೆ. ಸಂತೋಷ ಯಾರಿಗೆ ಬೇಡ ಹೇಳಿ.

ಡೆಲ್‌ಗೆ ಏನಾದರೂ ಆದರೆ ಬದಲಿಗೆ ಒಬ್ಬ ಹುಡುಗ ಇದ್ದಾನೆ, ಹೈಸ್ಕೂಲಿನಿಂದ ಈಗಷ್ಟೇ ಬಂದವನು. ಪ್ರಾಕ್ಟೀಸಿನಲ್ಲಿ ಅವನೆಸೆದ ಚೆಂಡು ಬ್ಯಾಂಡಿನವರ ಡೋಲಿಗೆ ಬಿತ್ತೆಂದು ಕೋಚ್ ಪೆಟಿಗ್ರೂ ಹೇಳಿದಾಗ ಎಲ್ಲರೂ ನಕ್ಕರು. ನಕ್ಕಿದ್ದು ಬೇಗ ನಿಂತುಹೋಯಿತು. ಡೆಲ್ ಇದ್ದರೆ ಪ್ಲೇಆಫು, ಇಲ್ಲದಿದ್ದರೆ ಈ ಪಟ್ಟಿಯಲ್ಲಿ ಮೂರು ಗೆದ್ದರೆ ಹೆಚ್ಚು ಎಂದು ಎಲ್ಲರಿಗೂ ಗೊತ್ತಿತ್ತು.

ಆಗ ನನ್ನ ಗಂಡ ಹಾಲಿಸ್ ಒಳಗೆ ಬಂದ. ಅವನದು ದೋಣಿ ಎಂಜಿನ್ ರಿಪೇರಿ ಕೆಲಸ, ಬೆಳಗಿನ ತಿಂಡಿಗೆ ಕೈಯ ಗ್ರೀಸ್ ಪೂರ್ತಿ ತೊಳೆಯದೆ ಬಂದು ನನ್ನಿಂದ ಬೈಸಿಕೊಳ್ಳುತ್ತಾನೆ. ಆವತ್ತು ಮುಖ ಊರಗಲ ಆಗಿತ್ತು. ಟೀಮಿನ ಟ್ರೇನರ್ ತನ್ನ ದೋಣಿ ತೆಗೆದುಕೊಂಡು ಹೋಗಲು ಬಂದಿದ್ದನಂತೆ. ಹುಡುಗರ ತಲೆ ಪರೀಕ್ಷೆ ಮುಗಿಯಿತಂತೆ.

ಈ ಪರೀಕ್ಷೆಯ ವಿಷಯ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು, ಹೊರಗಿನವರ ಮುಂದೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಟೀಮಿಗೆ ಸೇರಿದ ವರ್ಷ ಒಂದು ಸಲ, ಎರಡು ವರ್ಷ ಕಳೆದ ಮೇಲೆ ಇನ್ನೊಂದು ಸಲ, ಸೀಸನ್ ಶುರುವಾಗುವ ಮೊದಲು ಹುಡುಗರನ್ನು ಕಂಪ್ಯೂಟರಿನ ಮುಂದೆ ಕೂರಿಸುತ್ತಾರೆ. ಪದಗಳನ್ನು ತೋರಿಸಿ ಮರೆಮಾಡಿ, ಯಾವುದಿತ್ತು ಎಂದು ಕೇಳುತ್ತಾರೆ. ಬಣ್ಣ ಬದಲಾದ ತಕ್ಷಣ ಬಟನ್ ಒತ್ತಬೇಕು. ಆಮೇಲೆ ಯಾವಾಗಲಾದರೂ ತಲೆಗೆ ಏಟು ಬಿದ್ದರೆ ಅದೇ ಪರೀಕ್ಷೆ ಮತ್ತೆ ಮಾಡಿಸಿ ಹಳೆಯದಕ್ಕೆ ಹೋಲಿಸುತ್ತಾರೆ. ಕಡಿಮೆ ಬಂದರೆ ಹುಡುಗ ಬೆಂಚಿನ ಮೇಲೆ. ಅದಕ್ಕೇ ಮೊದಲನೆಯ ಸಲ ಬೇಕೆಂದೇ ದಡ್ಡನಾಗಬೇಕು. ಆಗ ಏಟು ಬಿದ್ದ ಮೇಲೆ ಕಡಿಮೆ ಬಂದರೂ ಹಳೆಯದಕ್ಕೆ ಸರಿಹೋಗುತ್ತದೆ, ಆಟ ತಪ್ಪುವುದಿಲ್ಲ. ಪೂರ್ತಿ ದಡ್ಡನಾದರೆ ಯಂತ್ರಕ್ಕೆ ಗೊತ್ತಾಗಿಬಿಡುತ್ತದೆ, ಆದ್ದರಿಂದ ಹದವಾಗಿ ದಡ್ಡನಾಗಬೇಕು. ಇದನ್ನು ಕೋಚ್ ಪೆಟಿಗ್ರೂ ಹಾಲಿಸ್‌ಗೆ ಹೇಳಿಕೊಟ್ಟರು, ಹಾಲಿಸ್ ಡೆಲ್‌ಗೆ ಹೇಳಿಕೊಟ್ಟ. ಡೆಲ್ ಯೂನಿವರ್ಸಿಟಿಗೆ ಸೇರಿದ ವರ್ಷ ಎಷ್ಟು ಚೆನ್ನಾಗಿ ದಡ್ಡನಾದನೆಂದರೆ, ಅದೊಂದು ಕಥೆಯಾಗಿ ಈ ಮೇಜುಗಳ ಮೇಲೆ ಎಷ್ಟೋ ಸಲ ಓಡಾಡಿದೆ.

"ಏನ್ ಬಂತಂತೆ?" ಎಂದರು ಕೋಚ್ ಪೆಟಿಗ್ರೂ.

"ಅದೇ ಬಂತು. ಮೊದಲ್ನೇ ವರ್ಷ ಎಷ್ಟು ಬಂದಿತ್ತೋ ಅಷ್ಟೇ. ಕೂದಲಷ್ಟೂ ಆಕಡೆ ಈಕಡೆ ಇಲ್ಲ. ಹುಡುಗ ಗಟ್ಟಿಮುಟ್ಟಾಗಿದಾನೆ ಅಂತ ಟ್ರೇನರ್ ನನಗೆ ಕೈ ಕುಲುಕ್ದ," ಎಂದ ಹಾಲಿಸ್.

ಹೋಟೆಲೆಲ್ಲ ನಗೆ. ನನ್ನ ಮಗ ಪರೀಕ್ಷೆಯಲ್ಲೂ ಕೈಚಳಕ ಕಳೆದುಕೊಂಡಿಲ್ಲ ಎಂದು ಹಾಲಿಸ್‌ನ ಬೆನ್ನು ತಟ್ಟಿದರು. ನಾನು ಕರಿದ ಬೆಂಡೆಕಾಯಿಯ ತಟ್ಟೆಯನ್ನು ಯಾರ ಮುಂದೆ ಇಡಬೇಕೋ ಮರೆತು ನಿಂತಿದ್ದೆ. ಡೆಲ್ ನನಗೆ ಮಾತು ಕೊಟ್ಟಿದ್ದ. ಬೇಸಿಗೆಯಲ್ಲಿ ಮನೆಗೆ ಬಂದಾಗ ಅವನಿಗೆ ಬೆಳಕು ಆಗುತ್ತಿರಲಿಲ್ಲ, ನನ್ನ ಅಡುಗೆಮನೆಯ ಫ್ಯಾನಿನ ಸದ್ದು ಆಗುತ್ತಿರಲಿಲ್ಲ. ಹಿಟ್ಟಿನ ಮೂಟೆ ಇಡುವ ಕೋಣೆಯಲ್ಲಿ ದೀಪ ಆರಿಸಿಕೊಂಡು ಕೂರುತ್ತಿದ್ದ. ಡಾಕ್ಟರಿಗೆ ತೋರಿಸು ಎಂದರೆ ಬಿಸಿಲು ಹೊಡೆದಿದೆ ಅಷ್ಟೇ ಎನ್ನುತ್ತಿದ್ದ. ಕೊನೆಗೆ ಅವನ ಅಜ್ಜಿಯ ಬೈಬಲಿನ ಮೇಲೆ ಕೈ ಇಡಿಸಿ, ಈ ಸಲದ ಪರೀಕ್ಷೆಯನ್ನಾದರೂ ಮೋಸವಿಲ್ಲದೆ ಮಾಡುತ್ತೇನೆ ಎಂದು ಹೇಳಿಸಿಕೊಂಡಿದ್ದೆ. ಈಗ ನೋಡಿದರೆ ಮತ್ತೆ ದಡ್ಡನಾಗಿ ಬಂದಿದ್ದಾನೆ. ನನಗೆ ಬಂದ ಸಿಟ್ಟಿಗೆ ಅವನು ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ, ಕ್ವಾರ್ಟರ್‌ಬ್ಯಾಕ್ ಆದರೇನು ಯಾರಾದರೇನು.

ಎಲ್ಲರೂ ಹೋದ ಮೇಲೆ ಮಿಸ್ ಮೊಜೆಲ್ ಒಬ್ಬರೇ ಉಳಿದರು. ಟೋಪಿ ಕೈಯಲ್ಲಿ ಹಿಡಿದು ಕೌಂಟರಿನ ಹತ್ತಿರ ಬಂದು ನಿಂತರು. "ನಿನ್ ಮಗನ್ನ ಮೊನ್ನೆ ನೋಡ್ದೆ ವರ್ಲೀನ್, ಕೋರ್ಟ್ ಮುಂದಿನ ಸಿಗ್ನಲ್‌ನಲ್ಲಿ. ಹಸಿರು ಬಿತ್ತು. ನಿಂತೇ ಇದ್ದ. ಹಿಂದಿನೋರು ಹಾರನ್ ಹೊಡೆದ್ರೂ ನಿಂತೇ ಇದ್ದ. ಕೆಂಪು ಬಿದ್ದ ಮೇಲೆ ಹೊರಟ," ಎಂದರು.

ಫೋನು ನೋಡುತ್ತಿದ್ದನೇನೋ ಎಂದೆ. ಇಲ್ಲ, ದೀಪವನ್ನೇ ನೋಡುತ್ತಿದ್ದ ಎಂದರು. ಅಷ್ಟು ಹೇಳಿ, ಯಾವತ್ತೂ ಇಲ್ಲದ್ದು, ನನ್ನ ಕೆನ್ನೆ ಮುಟ್ಟಿ ಹೊರಟುಹೋದರು.

ಭಾನುವಾರ ಚರ್ಚು ಮುಗಿದ ಮೇಲೆ ಡೆಲ್ ಊಟಕ್ಕೆ ಮನೆಗೆ ಬಂದ. ಹಾಲಿಸ್ ಯಾರದೋ ದೋಣಿ ನೀರಿಗಿಳಿಸಲು ಹೋಗಿದ್ದ, ಒಳ್ಳೆಯದೇ ಆಯಿತು. ಕರಿದ ಕೋಳಿ, ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು ಎಲ್ಲ ಬಡಿಸಿದೆ. ಅವನು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡೇ ತಿಂದ. ಎರಡು ತುತ್ತು ತಿನ್ನಲಿ ಎಂದು ಕಾದೆ, ಅದಕ್ಕಿಂತ ಹೆಚ್ಚು ಕಾಯುವ ತಾಳ್ಮೆ ನನಗಿಲ್ಲ.

"ಬೈಬಲ್ ಮೇಲೆ ಕೈ ಇಟ್ಟು ಸುಳ್ಳು ಹೇಳಿದ್ಯಲ್ಲೋ. ನಾಚ್ಕೆ ಆಗಲ್ವಾ ನಿಂಗೆ?"

"ಯಾವ್ ಸುಳ್ಳಮ್ಮ?"

"ಪರೀಕ್ಷೆ ಕಣೋ. ಹಳೇದೇ ಬಂತಂತಲ್ಲ. ನಿಮ್ಮಪ್ಪ ಊರೆಲ್ಲಾ ಸಾರ್ಕೊಂಡು ಬಂದಿದಾನೆ."

ಅವನು ಮೂಳೆಯನ್ನು ತಟ್ಟೆಯಲ್ಲಿಟ್ಟು ಬೆರಳು ಒರೆಸಿಕೊಂಡ. ನಿಧಾನವಾಗಿ ಒರೆಸಿಕೊಂಡ, ಒಂದೊಂದೇ ಬೆರಳು. "ನಾನು ಈ ಸಲ ದಡ್ಡನಾಗ್ಲಿಲ್ಲಮ್ಮ," ಎಂದ.

ನನಗೆ ಮೊದಲು ಅರ್ಥವಾಗಲಿಲ್ಲ.

"ಗೊತ್ತಿದ್ದದ್ದೆಲ್ಲಾ ಸರಿಯಾಗೇ ಹೇಳ್ದೆ. ಬಣ್ಣ ಬಂದ ತಕ್ಷಣಾನೇ ಒತ್ತಿದೆ. ತಕ್ಷಣಾನೇ ಅನ್ಕೊಂಡಿದ್ದೆ. ಆಮೇಲೆ ಟ್ರೇನರ್ ಬಂದು, ಏನೂ ಬದಲಾಗಿಲ್ಲ, ಫಸ್ಟ್ ಕ್ಲಾಸ್ ಅಂತ ಬೆನ್ನು ತಟ್ಟಿದ್ರು. ನಾನು ಸುಮ್ನಿದ್ದೆ."

ಕುರ್ಚಿ ಎಳೆದುಕೊಂಡು ಕೂತೆ. ಮೊದಲ ವರ್ಷ ಅವನು ನಾಟಕ ಮಾಡಿ ತೆಗೆದುಕೊಂಡ ದಡ್ಡನ ಮಾರ್ಕು ಇತ್ತಲ್ಲ, ಈಗ ಮನಸ್ಸಿಟ್ಟು ಮಾಡಿದರೂ ಅದೇ ಮಾರ್ಕು. ನಾಟಕ ನಿಜವಾಗಿತ್ತು. ಕಾಗದದ ಮೇಲೆ ಮಾತ್ರ ಎಲ್ಲವೂ ಸರಿಯಾಗಿತ್ತು, ಏಕೆಂದರೆ ಹೋಲಿಸಿ ನೋಡಲು ಅವರ ಹತ್ತಿರ ಇದ್ದದ್ದು ಆ ಸುಳ್ಳು ಒಂದೇ. ಟೀಮಿನ ಡಾಕ್ಟರಿಗೆ ಈಗಲೇ ಫೋನ್ ಮಾಡುತ್ತೇನೆ ಎಂದು ಎದ್ದೆ. ಡೆಲ್ ನನ್ನ ಮಣಿಕಟ್ಟು ಹಿಡಿದ. ನೋವಾಗುವಂತೆ ಹಿಡಿದ.

"ಫೋನ್ ಮಾಡಿದ್ರೆ ನಾನು ಇಲ್ಲ ಅಂತೀನಿ. ಮೊದಲ್ನೇದೂ ನಿಜಾನೇ ಅಂತೀನಿ. ಅಪ್ಪಾನೂ ಹಾಗೇ ಅಂತಾನೆ. ಆಮೇಲೆ ನಿನ್ ಮಾತು ಯಾರು ಕೇಳ್ತಾರೆ? ಇದೊಂದು ವರ್ಷ ಅಮ್ಮ. ಪ್ಲೇಆಫ್ ಆಡಿಬಿಡ್ತೀನಿ. ಅದಾದ್ಮೇಲೆ ನೀನು ಹೇಳಿದ್ ಕಡೆ ಬರ್ತೀನಿ, ಹೇಳಿದ್ ಡಾಕ್ಟರಿಗೆ ತೋರಿಸ್ಕೊಳ್ತೀನಿ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಊರಿನವರದ್ದು ಬರೀ ಕೇಳಿದ ಮಾತು, ಮೊದಲನೆಯದು ಮೋಸವೆಂದು ಡಾಕ್ಟರು ನಂಬುವಂತೆ ಹೇಳಬಲ್ಲವರು ಇಬ್ಬರೇ, ಮಾಡಿದವನು ಮತ್ತು ಮಾಡಿಸಿದವನು. ನಾನು ಪೀಚಿನ ಕಾಬ್ಲರ್ ತಂದು ಮುಂದಿಟ್ಟೆ. ಅವನು ತಿಂದು, ಬಟ್ಟಲು ಕೆರೆದು, ಚೆನ್ನಾಗಿದೆ ಎಂದ. ನಾನು ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನಿಂದ ಅವನ ದನಿ ಬಂತು, ಇವತ್ತು ಪೀಚಿನದ್ದು ಏನೂ ಮಾಡಿಲ್ಲವಾ ಎಂದು. ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿ ಕೇಳಿಸದವಳಂತೆ ನಿಂತೆ.

ಮರುದಿನ ಬೆಳಗ್ಗೆ ಹೋಟೆಲನ್ನು ಕೆಲಸದವರಿಗೆ ಬಿಟ್ಟು ಹಾಲಿಸ್‌ನ ಶೆಡ್ಡಿಗೆ ಹೋದೆ. ಅವನು ಒಂದು ಎಂಜಿನ್ನಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಕಾಲಿಗೇ ಎಲ್ಲವನ್ನೂ ಹೇಳಿದೆ. ಕೆಳಗಿನಿಂದ ನಗು ಬಂತು.

"ನಿನ್ನ ಆಟ ಆಡಿಸ್ತಿದಾನೆ ಕಣೇ. ಅಮ್ಮ ಕೇಳಿದ್ರೆ ನಿಜ ಮಾಡ್ದೆ ಅನ್ನು ಅಂತ ನಾನೇ ಹೇಳ್ಕೊಟ್ಟಿದೀನಿ."

ಕಾಬ್ಲರಿನ ವಿಷಯ ಹೇಳಿದೆ. ಸಿಗ್ನಲಿನ ವಿಷಯ ಹೇಳಿದೆ. ಇನ್ನೂ ಒಂದು ಬಟ್ಟಲು ಬೇಕಿತ್ತೇನೋ, ಸಿಗ್ನಲಿನಲ್ಲಿ ಏನೋ ಯೋಚಿಸುತ್ತಿದ್ದನೇನೋ ಎಂದ. ಅವನ ಉತ್ತರಗಳೆಲ್ಲ ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇದ್ದವು. ನನಗೆ ತಡೆಯಲಾಗದೆ, ಕೈಗೆ ಸಿಕ್ಕ ಗ್ರೀಸ್ ಬಟ್ಟೆಯನ್ನು ಅವನ ಕಾಲಿನ ಮೇಲೆ ಎಸೆದು, ನೀನೂ ನಿನ್ನ ಪ್ಲೇಆಫೂ ಹಾಳಾಗಿಹೋಗಿ ಎಂದೆ. ಆಗ ಅವನು ಈಚೆ ಜಾರಿ ಬಂದು ಕೂತ. ಮುಖದಲ್ಲಿ ನಗೆ ಇರಲಿಲ್ಲ.

"ಹಂಗಾದ್ರೆ ಚಾಂಪಿಯನ್ನರ ಮುಂದೆ ಆ ಹಾಲುಗಲ್ಲದ ಹುಡುಗನ್ನ ನಿಲ್ಲಿಸ್ಬೇಕಾ? ಊರೋರೆಲ್ಲಾ ಇದೊಂದು ವರ್ಷಕ್ಕೆ ಎಷ್ಟ್ ಕಾದಿದಾರೆ ಗೊತ್ತಾ ನಿಂಗೆ? ನನ್ನ ಬಾಯಿಂದಾನೇ ನನ್ನ ಮಗ ಮೋಸಗಾರ ಅಂತ ಹೇಳಿಸ್ತೀಯಾ?"

ಹೌದು ಎಂದೆ. ಅವನು ಮತ್ತೆ ಎಂಜಿನ್ನಿನ ಕೆಳಗೆ ಹೋದ. ಸ್ಪಾನರ್ ತಿರುಗಿಸುವ ಸದ್ದು ಮಾತ್ರ ಬಹಳ ಹೊತ್ತು ಕೇಳಿಸಲಿಲ್ಲ. ನನಗಿಂತ ಮೊದಲೇ ಇವನಿಗೆ ಹೆದರಿಕೆ ಇತ್ತೇನೋ ಎಂದು ಆಗ ಅನಿಸಿತು, ಅದಕ್ಕೇ ಇಷ್ಟು ನಗುತ್ತಿದ್ದ.

ಆ ವಾರ ಪೂರ್ತಿ ಹೋಟೆಲಿನಲ್ಲಿ ಮೊದಲ ಪಂದ್ಯದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಬಾಗಿಲಿಗೆ ಅಡ್ಡ ನಿಲ್ಲುವ ಆ ಹುಡುಗ ಈಗ ಇನ್ನಷ್ಟು ದಪ್ಪನಾಗಿದ್ದಾನಂತೆ. ನಮ್ಮ ಟೀಮಿನಲ್ಲಿ ಡೆಲ್‌ನನ್ನು ಕಾಯಬೇಕಾದ ದೊಡ್ಡ ಹುಡುಗ ಕಾಲು ತಿರುಚಿಕೊಂಡಿದ್ದಾನಂತೆ. ಪ್ರಾಕ್ಟೀಸಿಗೆ ಗೇಟು ಹಾಕಿಬಿಟ್ಟಿದ್ದಾರಂತೆ, ಒಳಗೆ ಏನೋ ಸರಿಯಿಲ್ಲವಂತೆ. ಟೀವಿಯವರು ನಮ್ಮನ್ನು ಹದಿನಾಲ್ಕನೆಯ ಜಾಗದಲ್ಲಿ ಇಟ್ಟಾಗ, ಬಾಗಿಲ ಹೊರಗೆ ಎರಡು ಹೆಜ್ಜೆ ಎಂದು ಯಾರೋ ಅಂದರು. ಬಿಸಿಲು ನೆತ್ತಿ ಸುಡುತ್ತಿತ್ತು, ನದಿಯಲ್ಲಿ ನೀರು ಇಳಿದು ಕೆಸರಿನ ವಾಸನೆ ಊರೊಳಗೆ ಬಂದಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ನನ್ನ ಮುಖ ನೋಡಿ, ಡೆಲ್ ಹೇಗಿದ್ದಾನೆ ಎಂದು ಕೇಳುತ್ತಿದ್ದರು. ಚೆನ್ನಾಗಿದ್ದಾನೆ ಎಂದು ಹೇಳಿ ಹೇಳಿ ನನ್ನ ನಾಲಿಗೆ ಕಹಿಯಾಗಿತ್ತು.

ಶನಿವಾರ ಅಭಿಮಾನಿಗಳ ದಿನ. ಅವತ್ತೊಂದು ದಿನ ಸ್ಟೇಡಿಯಮ್ಮಿನ ಹುಲ್ಲಿನ ಮೇಲೆ ಜನರನ್ನು ಬಿಡುತ್ತಾರೆ. ಹುಡುಗರು ಮೇಜು ಹಾಕಿಕೊಂಡು ಕೂತು ಚೆಂಡಿನ ಮೇಲೆ, ಟೋಪಿಯ ಮೇಲೆ, ಮಗುವಿನ ಅಂಗಿಯ ಮೇಲೆ ಸಹಿ ಹಾಕಿಕೊಡುತ್ತಾರೆ. ಡೆಲ್‌ನ ಮೇಜಿನ ಮುಂದಿನ ಸಾಲು ಅರ್ಧ ಮೈದಾನ ದಾಟಿತ್ತು. ಹಾಲಿಸ್ ಮತ್ತು ನಾನು ಅವನ ಕುರ್ಚಿಯ ಹಿಂದೆ ನೆರಳಿನಲ್ಲಿ ನಿಂತಿದ್ದೆವು. ನನ್ನ ಮಗ ಚೆನ್ನಾಗಿಯೇ ಮಾಡುತ್ತಿದ್ದ. ತಲೆ ಎತ್ತುವುದು, ನಗುವುದು, ಯಾರ ಹೆಸರು ಬರೆಯಲಿ ಎಂದು ಕೇಳುವುದು, ಬರೆದು ಕೊಡುವುದು. ನನ್ನ ಎದೆ ಸ್ವಲ್ಪ ಹಗುರಾಯಿತು. ಹಾಲಿಸ್ ಮೊಣಕೈಯಿಂದ ತಿವಿದು, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ.

ಆಗ ಸಾಲಿನಲ್ಲಿ ಕೋಚ್ ಪೆಟಿಗ್ರೂ ಅವರ ಸರದಿ ಬಂತು. ತಮಗೇ ಬೇಕೆಂದು ಒಂದು ಚೆಂಡು ತಂದಿದ್ದರು. ನಮ್ಮ ಮನೆಯ ಎದುರೇ ಅವರ ಮನೆ. ಡೆಲ್ ನಡೆಯಲು ಕಲಿತ ಮೇಲೆ ಅರ್ಧ ದಿನ ಅವರ ಜಗಲಿಯಲ್ಲೇ ಇರುತ್ತಿದ್ದ. ಚೆಂಡನ್ನು ಹೇಗೆ ಹಿಡಿಯಬೇಕೆಂದು ಅವನ ಪುಟ್ಟ ಬೆರಳುಗಳನ್ನು ಹೊಲಿಗೆಯ ಮೇಲೆ ಒಂದೊಂದಾಗಿ ಇಟ್ಟು ತೋರಿಸಿದವರು ಅವರೇ. ಡೆಲ್ ಅವರನ್ನು ಯಾವತ್ತೂ ಕೋಚ್ ಎಂದೇ ಕರೆದವನು.

ಡೆಲ್ ತಲೆ ಎತ್ತಿ ನಕ್ಕ. "ಯಾವ ಹೆಸರು ಬರೀಲಿ ಸರ್?" ಎಂದ.

ಸುತ್ತಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಕೋಚ್ ಪೆಟಿಗ್ರೂ ಎಲ್ಲರಿಗಿಂತ ಜೋರಾಗಿ ನಕ್ಕು ಮೇಜು ಗುದ್ದಿದರು. "ನೋಡ್ರಪ್ಪ, ದೊಡ್ಡ ಮನುಷ್ಯ ಆಗ್ಬಿಟ್ಟ. ನಿನ್ನ ಮೂಗು ಒರೆಸಿದೋನ ಹೆಸರು ಬರಿಯೋ ಕತ್ತೆ," ಎಂದರು.

ಡೆಲ್ ಕೂಡ ನಕ್ಕ. ಪೆನ್ನು ಎತ್ತಿ ಹಿಡಿದೇ ಇದ್ದ. ಮುಂಚೆ ಬಂದ ಅಪರಿಚಿತರಿಗೆಲ್ಲ ಕೊಟ್ಟ ಅದೇ ನಗೆ, ಅದೇ ಮರ್ಯಾದೆ. ಅವನು ಹೆಸರಿಗಾಗಿ ಕಾಯುತ್ತಿದ್ದ. ಹಿಂದಿನಿಂದ ಅವನ ಕುತ್ತಿಗೆ ಕೆಂಪಾಗುವುದು ನನಗೆ ಕಂಡಿತು. ಕೋಚ್ ಪೆಟಿಗ್ರೂ ಅವರ ನಗೆ ಅವರ ಬಾಯಲ್ಲೇ ನಿಂತಿತು, ಬಾಯಿ ಮುಚ್ಚಲೂ ಇಲ್ಲ, ನಗೆ ಮುಂದುವರಿಯಲೂ ಇಲ್ಲ.

ಹಾಲಿಸ್ ಬಗ್ಗಿ ಮಗನ ಕಿವಿಯ ಹತ್ತಿರ, "ಇರಾ ಅಂತ ಬರಿ," ಎಂದ.

ಡೆಲ್ ಅಂದವಾಗಿ ಬರೆದು, ಚೆಂಡನ್ನು ಎರಡೂ ಕೈಯಿಂದ ಕೊಟ್ಟು, "ಥ್ಯಾಂಕ್ಯೂ ಸರ್," ಎಂದ. ಆಮೇಲೆ ಸಾಲಿನಲ್ಲಿ ಮುಂದಿನವರ ಕಡೆ ನೋಡಿದ.

ಟ್ರಕ್ಕಿನಲ್ಲಿ ಕೂತ ಮೇಲೆ ಹಾಲಿಸ್ ಕೀಲಿ ತೂರಿಸಿದ, ತಿರುಗಿಸಲಿಲ್ಲ. ಎದುರಿಗೆ ಜನ ನೀಲಿ ಬಾವುಟ ಹಿಡಿದು ಹೋಗುತ್ತಿದ್ದರು. ಅವನನ್ನು ಗುರುತು ಹಿಡಿದವರು ಬಾನೆಟ್ ತಟ್ಟಿ, ಡಿಸೆಂಬರಿನಲ್ಲಿ ಸಿಗೋಣ ಎಂದು ಕೂಗಿದರು.

"ಸರ್ ಅಂದ," ಎಂದ ಹಾಲಿಸ್. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದನ್ನೇ ಹೇಳಿದ.

ಸೋಮವಾರ ನಾವಿಬ್ಬರೂ ಟೀಮಿನ ಡಾಕ್ಟರನ್ನು ನೋಡಲು ಹೋದೆವು. ಡಾಕ್ಟರ್ ಆನ್ಸ್ಲಿ ಹೊಸದಾಗಿ ಬಂದ ಹೆಂಗಸು, ಬೇರೆ ರಾಜ್ಯದವರು, ಫುಟ್‌ಬಾಲಿನ ಹುಚ್ಚು ಇಲ್ಲದವರು ಎಂದು ಊರಿನಲ್ಲಿ ಅವರ ಮೇಲೆ ಅಸಮಾಧಾನ. ಹಾಲಿಸ್ ನಿಂತೇ ಹೇಳಿದ. ಪೆಟಿಗ್ರೂ ಅವರ ಹೆಸರು ಹೇಳಲಿಲ್ಲ, ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡ. ಮೊದಲ ವರ್ಷದ್ದು ಮೋಸ, ಮಾಡಿಸಿದವನು ನಾನು, ಈ ವರ್ಷದ್ದು ನಿಜವಂತೆ ಎಂದ. ಇಷ್ಟು ಹೇಳುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಡಾಕ್ಟರು ಬೈಯಲಿಲ್ಲ. ಪ್ರಾಕ್ಟೀಸಿನಿಂದ ಡೆಲ್‌ನನ್ನು ಕರೆಸಿದರು.

ಅವನು ಬೆವರು ಸುರಿಸಿಕೊಂಡು, ಹೆಲ್ಮೆಟ್ಟನ್ನು ತೊಡೆಗೆ ಒತ್ತಿ ಹಿಡಿದುಕೊಂಡು ಬಂದ. ನಮ್ಮಿಬ್ಬರನ್ನು ನೋಡಿದ ತಕ್ಷಣ ಅವನಿಗೆ ತಿಳಿಯಿತು. ಅಪ್ಪನ ಮುಖವನ್ನು ಒಂದು ಕ್ಷಣ ನೋಡಿ, ಡಾಕ್ಟರ ಕಡೆ ತಿರುಗಿದ.

"ಈ ಸಲದ್ದೂ ಮೋಸಾನೇ ಡಾಕ್ಟ್ರೇ. ಬೇಕಂತಾನೇ ದಡ್ಡನಾದೆ. ಅಮ್ಮ ಹೆದರ್ಕೋತಾರೆ ಅಂತ ಮನೇಲಿ ನಿಜ ಮಾಡ್ದೆ ಅಂದೆ," ಎಂದ.

ಹಾಗಾದರೆ ಸುಲಭವಾಯಿತು ಎಂದರು ಡಾಕ್ಟರು. ಈಗಲೇ ಕೂತು ಮೋಸವಿಲ್ಲದೆ ಮಾಡು, ಚೆನ್ನಾಗಿ ಬಂದರೆ ಬೈಗುಳದಲ್ಲಿ ಮುಗಿಯುತ್ತದೆ, ನೀನು ನಿನ್ನ ಪ್ರಾಕ್ಟೀಸಿಗೆ ಹೋಗಬಹುದು ಎಂದರು. ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಹೊರಗೆ ಬೆಂಚಿನ ಮೇಲೆ ಕೂತೆವು. ಮೈದಾನದ ಸೀಟಿ, ಹುಡುಗರ ಕೂಗು ಕಿಟಕಿಯಿಂದ ಬರುತ್ತಿತ್ತು. ಹಾಲಿಸ್ ನನ್ನ ಕೈ ಹಿಡಿದ. ಗ್ರೀಸ್ ಇತ್ತು, ನಾನು ಬೈಯಲಿಲ್ಲ.

"ಕೇಳಿಸ್ಕೊಂಡ್ಯಾ? ಎರಡೂ ಸುಳ್ಳಂತೆ," ಎಂದ. ಅವನ ದನಿಯಲ್ಲಿ ಆಸೆ ಇತ್ತು. ನನಗೂ ಇತ್ತು. ಅವನನ್ನು ಹೆತ್ತ ದಿನದಿಂದ ಸುಳ್ಳು ಹೇಳಬೇಡ ಎಂದು ಕಲಿಸಿದವಳು ನಾನು. ಈಗ ಆ ಬೆಂಚಿನ ಮೇಲೆ ಕೂತು, ನನ್ನ ಮಗ ಸುಳ್ಳುಬುರುಕನಾಗಿರಲಿ, ಬೈಬಲಿನ ಮೇಲೆ ಕೈ ಇಟ್ಟು ಸುಳ್ಳು ಹೇಳಿದವನಾಗಿರಲಿ, ಬೇರೇನೂ ಬೇಡ ಎಂದು ದೇವರನ್ನು ಬೇಡಿಕೊಂಡೆ.

ಬಾಗಿಲು ತೆರೆಯಿತು. ಡೆಲ್ ಮೊದಲು ಬಂದ. ಅವನ ಮುಖ ಬೆಳಗುತ್ತಿತ್ತು, ಪಂದ್ಯ ಗೆದ್ದ ದಿನ ಇರುವ ಹಾಗೆ. "ಈ ಸಲ ಬಿಡ್ಲಿಲ್ಲಪ್ಪ. ಎಲ್ಲಾ ಸರಿಯಾಗ್ ಹೊಡ್ದೆ. ಒಂದೂ ತಪ್ಪಿಲ್ಲ ಅನ್ಸತ್ತೆ," ಎಂದ.

ಡಾಕ್ಟರು ಅವನ ಹಿಂದೆ ಬಾಗಿಲಿನಲ್ಲಿ ನಿಂತಿದ್ದರು. ನಮ್ಮನ್ನು ನೋಡಿ ತಲೆ ಅಲ್ಲಾಡಿಸಿದರು. "ಹಿಂದಿನ ಎರಡಕ್ಕಿಂತಲೂ ಕಡಿಮೆ ಇದೆ," ಎಂದು ಮೆಲ್ಲಗೆ ಹೇಳಿದರು. "ದಡ್ಡನ ಹಾಗೆ ನಟಿಸಿದ್ನಲ್ಲ, ಅದಕ್ಕಿಂತಲೂ." ಆಮೇಲೆ ಹೆಲ್ಮೆಟ್ಟಿಗಾಗಿ ಕೈ ಚಾಚಿದರು.

ಡೆಲ್ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಗೋಡೆಗೆ ಸರಿದ. ಡಾಕ್ಟರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಅಪ್ಪ, ಇನ್ನೊಂದ್ಸಲ ಮಾಡ್ತೀನಿ. ಹೇಗ್ ಮಾಡ್ಬೇಕು ಹೇಳ್ಕೊಡು. ನಿಂಗ್ ಗೊತ್ತಲ್ಲ," ಎಂದ.

ಹಾಲಿಸ್ ಬೆಂಚಿನಿಂದ ಎದ್ದು ಅವನ ಹತ್ತಿರ ಹೋದ. ಗೊತ್ತಿಲ್ಲ ಮಗನೇ ಎಂದು ಹೇಳಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೆಲ್ಮೆಟ್ಟನ್ನು ತಾನೇ ತೆಗೆದು ಡಾಕ್ಟರ ಕೈಗೆ ಕೊಟ್ಟ.